ಅರೆಕಾಲಿಕ ಪಿಎಚ್‌.ಡಿ: ಬಳಸುವ ವಿಧಾನ

ಆಪ್ತಸಮಾಲೋಚನೆಯಲ್ಲಿ ಹತ್ತಿಪ್ಪತ್ತು ವರ್ಷ ಸವೆಸಿ, ಈಗ ಡಾಕ್ಟರೇಟ್ ಎಂಬ ಸಾಮಾನನ್ನು ಹೊನ್ನವಳ್ಳಿಯ ಮನೆಗೆ ಹೊತ್ತು ತರಲು ಹೊರಟವರಿಗೆ ಈ ಕೈಪಿಡಿ. ಪೂರ್ತಿ ಓದಿಯೇ ಬಳಸಿ. ಮನೆಯವರ ಕೈಗೆ ಸಿಗದಂತೆ ಇಡಿ.

ಖರೀದಿಗೆ ಮುನ್ನ

ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಪಿಎಚ್‌.ಡಿಗೆ ಒಪ್ಪುತ್ತದೆ, ದೂರಶಿಕ್ಷಣಕ್ಕೂ ಆನ್‌ಲೈನಿಗೂ ಒಪ್ಪುವುದಿಲ್ಲ. ತೋಟದ ಮನೆ ಜಗಲಿಯಲ್ಲೇ ಕೂತು ಮುಗಿಸಬಹುದು ಎಂದು ಯಾರಾದರೂ ಆಸೆ ತೋರಿಸಿದರೆ ಮುಂಗಡ ಕೊಡಬೇಡಿ. ನೌಕರಿಯಲ್ಲಿರುವವರು ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೇಲಧಿಕಾರಿ, ನಿಮಗೆ ಸಂಶೋಧನೆಗೆ ಸಾಕಷ್ಟು ಬಿಡುವಿದೆ ಎಂದು ಬರೆದು ಸಹಿ ಹಾಕಬೇಕು. ಸಹಿ ಬಿದ್ದ ಮಾರನೇ ದಿನದಿಂದ ಆ ಬಿಡುವಿಗೆ ಚುನಾವಣೆ, ಸಮೀಕ್ಷೆ, ಜಾಥಾ ಬಂದು ಕೂರುತ್ತವೆ. ಇದು ಉಪಕರಣದ ದೋಷವಲ್ಲ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಅಟ್ಟಕ್ಕೆ ಹಾಕಿದ ಕಾಯಿ ವರ್ಷದೊಳಗೆ ಕೊಬ್ಬರಿಯಾಗಿ ಇಳಿಯುವುದನ್ನು ಕಂಡ ಮನೆಯಲ್ಲಿ ಈ ಲೆಕ್ಕ ಒಪ್ಪಿಸುವುದು ಸುಲಭವಲ್ಲ. ಮರುನೋಂದಣಿ ಮಾಡಿಸಿದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗುತ್ತದೆ ಎಂಬುದನ್ನು ಅತ್ತೆಯವರ ಮುಂದೆ ಈಗಲೇ ಬಾಯಿ ಬಿಡಬೇಡಿ.

ಚಾಲನೆ

ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರುತ್ತದೆ. ಪಾಠ ಮಾಡುವವರು ನಿಮಗಿಂತ ಚಿಕ್ಕವರಾದರೂ ‘ಸರ್’ ಎನ್ನಿ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ನಿಂತಾಗ ‘ನನ್ನ ಅನುಭವದಲ್ಲಿ’ ಎಂದು ಮಾತು ಶುರು ಮಾಡಬೇಡಿ. ಅದಕ್ಕೆ ಆಕರ ಯಾವುದು, ಎಷ್ಟನೇ ಪುಟ ಎಂದು ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಹೆಸರಿನ ಬಾನುಲಿ ಕೇಂದ್ರ ನಡೆಸಿದ್ದರು. ವಿಷಯ ಬಿಟ್ಟು ಅಲೆದಿದ್ದಕ್ಕೆ ಸಮಜಾಯಿಷಿ ಕೊಡಲು ಈ ಉದಾಹರಣೆ ನಡೆಯುವುದಿಲ್ಲ.

ಮಾಹಿತಿ ಸಂಗ್ರಹ

ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಹಿಡಿದು ತೋಟಕ್ಕೆ ಹೋಗಿ. ಒಂಬತ್ತು ಪ್ರಶ್ನೆ. ಕಳೆದ 2 ವಾರದಲ್ಲಿ ಎಷ್ಟು ದಿನ ಹೀಗಾಯಿತು ಎಂದು ಕೇಳಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಹಾಕಬೇಕು. ನಿದ್ದೆಯ ಪ್ರಶ್ನೆಗೆ ಬರುವ ಉತ್ತರ: “ನಿದ್ದೆ ಎಲ್ಲಿ ಬತ್ತದೆ ಮೇಡಂ, ತ್ರೀಫೇಸು ರಾತ್ರಿ ಎರಡು ಗಂಟೆಗೆ ಕೊಟ್ರೆ?” ಇದಕ್ಕೆ 3 ಅಂಕ ಹಾಕಿದರೆ ಖಿನ್ನತೆ ಏರುತ್ತದೆ, 0 ಹಾಕಿದರೆ ಸುಳ್ಳಾಗುತ್ತದೆ. ಪ್ರಶ್ನಾವಳಿಯಲ್ಲಿ ಪಂಪ್‌ಸೆಟ್ಟಿಗೆ ಕಾಲಂ ಇಲ್ಲ. ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಪ್ರಬಂಧದ ಒಳ್ಳೆಯ ಭಾಗ ಆ ಅಂಚಿನಲ್ಲೇ ಇರುತ್ತದೆ ಎಂದು ನನ್ನ ಗುಮಾನಿ.

ಎಚ್ಚರಿಕೆ (ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ)

ಹೆಸರು ಬದಲಿಸಿದರೆ ಗೌಪ್ಯತೆ ಬಂತು ಎಂದು ಪೇಟೆಯಲ್ಲಿ ನಂಬುತ್ತಾರೆ. ‘ಕೇಸ್ 4: 52 ವರ್ಷದ ತೆಂಗು ಬೆಳೆಗಾರ, ಮೂರು ಬೋರ್ ಕೊರೆಸಿ ಮೂರೂ ಫೇಲು, ಅಣ್ಣನ ಜೊತೆ ಬದುವಿನ ವ್ಯಾಜ್ಯ, ಹಿರಿಮಗಳು ತವರಿಗೆ ವಾಪಸ್’ ಎಂದು ಬರೆದು ನೋಡಿ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಆತನ ಹೆಸರು, ಅಣ್ಣನ ಹೆಸರು, ಸರ್ವೆ ನಂಬರು ಸಮೇತ ಹೇಳುತ್ತಾರೆ. ಪ್ರಬಂಧ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ. ಮೊಬೈಲಿದ್ದ ಯಾರು ಬೇಕಾದರೂ ಓದಬಹುದು, ಅಣ್ಣನ ಮಗನೂ ಓದಬಹುದು.

ಹಾಗಾಗಿ ಬೋರ್ ತೆಗೆಯಿರಿ. ಬದು ತೆಗೆಯಿರಿ. ಮಗಳನ್ನು ತೆಗೆಯಿರಿ. ಹೊನ್ನವಳ್ಳಿಯನ್ನು ‘ದಕ್ಷಿಣ ಕರ್ನಾಟಕದ ಒಂದು ಗ್ರಾಮ’ ಮಾಡಿ. ಕೃತಜ್ಞತೆಯ ಪುಟದಲ್ಲಿ ‘ಹೊನ್ನವಳ್ಳಿಯ ಸಮಸ್ತ ಜನತೆಗೆ’ ಎಂದು ಬರೆದು ಮಾಡಿದ ಕೆಲಸ ಕೆಡಿಸಬೇಡಿ.

ಸಮಸ್ಯೆ ಮತ್ತು ಪರಿಹಾರ

ನಿಮಗೇ ನಿದ್ದೆ ಕೆಟ್ಟರೆ: ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಎತ್ತಿಕೊಂಡವರು ನೀವೇ ತರಬೇತಿ ಕೊಟ್ಟ ಹುಡುಗಿಯಾಗಿದ್ದರೆ ಫೋನಿಡಬೇಡಿ.

ಇಷ್ಟೆಲ್ಲ ತೆಗೆದ ಮೇಲೆ ‘ಒಬ್ಬರಿಗೆ ಚಿಂತೆಯಿದೆ’ ಎಂಬಷ್ಟೇ ಉಳಿದು, ಗೈಡು ಕೆಂಪು ಶಾಯಿಯಲ್ಲಿ ‘ವಿವರ ಸಾಲದು’ ಎಂದು ಬರೆದರೆ: ವಿವರ ಸೇರಿಸಬೇಡಿ. ಇಷ್ಟು ವರ್ಷ ಬಾಯಿ ಬಿಗಿ ಹಿಡಿದಿದ್ದಕ್ಕೇ ಜನ ನಿಮ್ಮ ಹತ್ತಿರ ಬಂದಿದ್ದು. ಕೇಸ್ 4 ಅನ್ನೇ ಕಿತ್ತುಹಾಕಿ, ಕೇಸ್ 5ಕ್ಕೆ 4 ಎಂದು ನಂಬರು ಕೊಡಿ. ಕೇಸ್ 5 ಆ ಅಣ್ಣನದೇ ಆಗಿದ್ದರೆ ಅದನ್ನೂ ತೆಗೆಯಿರಿ.