ರಕ್ತಾ ತೆಗ್ಯೋ ಸರ್

ಮುಂಡಗೋಡದ ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಸನವಳ್ಳಿ ಕಡೆಯವರು ಆಗಲೇ ಕಟ್ಟೆಯ ಮೇಲೆ ತೋಳು ಮಡಚಿಕೊಂಡು ಕೂತಿರುತ್ತಾರೆ. ಒಳಗಿರುವವನು ಬಿ.ಎಸ್ಸಿ. ಎಂ.ಎಲ್.ಟಿ. ಓದಿದವನು. ಆದರೆ ಊರಿನ ಲೆಕ್ಕದಲ್ಲಿ ವಿಜ್ಞಾನಿ ಎಂದರೆ ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರಿಸುವವ. ಇವನು ಬರೇ ‘ರಕ್ತಾ ತೆಗ್ಯೋ ಸರ್’. ಮದುವೆ ಮನೆಯಲ್ಲಿ ಎದುರಿಗೆ ನಿಂತವರ ಮುಖ ಇವನಿಗೆ ನೆನಪಾಗುವುದಿಲ್ಲ. ತೋಳು ಕಂಡರೆ ಸಾಕು, ನರ ನೋಡಿ ಹೆಸರು ಹೇಳುತ್ತಾನೆ.

“ಖಾಲಿ ಹೊಟ್ಟೀಲೆ ಬಂದೀರೇನ್ರಿ?”

“ಏನೂ ತಿಂದಿಲ್ರಿ. ಬರೇ ಚಾ.”

“ಚಾ ಕೂಡ?”

“ಎರಡು ಬಿಸ್ಕೀಟ್ ಅಷ್ಟ.”

1966ರಿಂದ ಇಲ್ಲೇ ನೆಲೆ ನಿಂತ ಟಿಬೆಟನ್ ಕ್ಯಾಂಪಿನಿಂದ ಬರುವ ಅಜ್ಜ ಇನ್ನೂ ಪ್ರಾಮಾಣಿಕ. ತನ್ನ ಚಹಾದಲ್ಲಿ ಸಕ್ಕರೆಯೇ ಇಲ್ಲ, ಉಪ್ಪು ಎನ್ನುತ್ತಾನೆ. ಮಾತು ಸುಳ್ಳಲ್ಲ. ಉಪ್ಪಿನ ಜೊತೆ ಬೆಣ್ಣೆಯೂ ಇದೆ, ಅದು ಟ್ರೈಗ್ಲಿಸರೈಡನ್ನು ಏರಿಸಿ ಕೂರಿಸುತ್ತದೆ ಎಂದು ತಿಳಿಸಿ ಹೇಳಲು ಕನ್ನಡ, ಹಿಂದಿ, ಕೈಸನ್ನೆ ಮೂರೂ ಖರ್ಚಾಗುತ್ತವೆ.

ಮೂತ್ರಕ್ಕೆಂದು ಡಬ್ಬಿ ಕೊಟ್ಟು ಕಳಿಸಿದರೂ ಮರುದಿನ ಬರುವುದು ಕ್ವಾರ್ಟರ್ ಬಾಟ್ಲಿಯಲ್ಲಿ. ಡಬ್ಬಿ ಚೆಂದ ಇತ್ತಂತೆ, ಮನೆಯಲ್ಲಿ ಜೀರಿಗೆ ಹಾಕಿಟ್ಟರಂತೆ.

ದೊಡ್ಡ ಜಗಳ ನಡೆಯುವುದು ರಕ್ತದ ಕೊಳವೆಗಳ ವಿಷಯಕ್ಕೆ. ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ, ರಕ್ತ ಹೆಪ್ಪುಗಟ್ಟಬಾರದೆಂದು. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್. ಮೈಬಿಟ್ಟು ಬಂದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುವ ಚಾಳಿ ಬಿಡುವುದಿಲ್ಲ, ಅದನ್ನು ತಡೆಯಲಿಕ್ಕೆ. ಕೆಂಪು ಮುಚ್ಚಳದ್ದು ಹೆಪ್ಪುಗಟ್ಟಲೆಂದೇ ಇರುವುದು. ಮೂರೂ ಸೇರಿ ಎರಡು ಚಹಾ ಚಮಚ ತುಂಬುವುದಿಲ್ಲ. ಹೊರಗೆ ಹೋದವರು ಹೇಳುವುದು: “ಮೂರ್ ಬಾಟ್ಲಿ ಜಗ್ಗಿಬಿಟ್ಟ ನೋಡ್ರಿ. ಎಲ್ಲಿ ಮಾರತಾನೋ ಏನೋ!”

ರಿಪೋರ್ಟ್ ಕೈಗೆ ಬಂದಾಗ ಎಲ್ಲರದೂ ಒಂದೇ ಪ್ರಶ್ನೆ: “ಏನೈತ್ರಿ?” ಅವನದೂ ಒಂದೇ ಉತ್ತರ: “ಡಾಕ್ಟರಿಗೆ ತೋರ್ಸ್ರಿ.” ಅವನಿಗೆ ಗೊತ್ತಿರುತ್ತದೆ. ಹೇಳುವ ಅಧಿಕಾರವಿಲ್ಲ, ಅಷ್ಟೇ. ಹಾಗಾಗಿ ಜನ ಕಾಗದ ಬಿಟ್ಟು ಅವನ ಮುಖವನ್ನೇ ಓದಲು ತೊಡಗುತ್ತಾರೆ. ಆಕಳಿಸಿದರೆ ಗಂಡಾಂತರವಿಲ್ಲ, ಕನ್ನಡಕ ತೆಗೆದು ಒರೆಸಿದನೋ, ಒಬ್ಬರು ಅಳಲಿಕ್ಕೆ ಶುರು.

ಬೇಸಿಗೆಯಲ್ಲಿ ಮಾತ್ರ ಅವನಿಗೂ ನಗು ಬರುವುದಿಲ್ಲ. ಪಕ್ಕದ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಬೆನ್ನೇರಿ ಉತ್ತರ ಕನ್ನಡಕ್ಕೂ ಬಂದಿದೆ. ಅದರಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಕಾಡಿಗೆ ಸೌದೆಗೆ ಹೋದವರ ಜ್ವರವೆಂದರೆ ಎರಡೆರಡು ಗ್ಲೌಸ್ ಏರಿಸುತ್ತಾನೆ. ಆ ಕಾಯಿಲೆಯ ಪರೀಕ್ಷೆ ಇಲ್ಲಿ ಆಗುವಂಥದ್ದಲ್ಲ; ಮಾದರಿ ಮೂರು ಹೊದಿಕೆಯೊಳಗೆ, ಮಂಜಿನ ಪೆಟ್ಟಿಗೆಯಲ್ಲಿ ವೈರಾಣು ಪ್ರಯೋಗಾಲಯಕ್ಕೆ ಹೋಗಬೇಕು.

ಮಳೆ ಬಿತ್ತೆಂದರೆ ಡೆಂಗಿ, ಡೆಂಗಿಯೆಂದರೆ ಪ್ಲೇಟ್‌ಲೆಟ್. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು ಎಂಬುದು ಈಗ ಗೋವಿನಜೋಳದ ದರದಷ್ಟೇ ಬಾಯಿಪಾಠ. ಒಬ್ಬ ಹುಡುಗನದು ಯಂತ್ರದಲ್ಲಿ 60 ಸಾವಿರ ಬಂತೆನ್ನಿ. ಇವನಿಗೆ ಅನುಮಾನ. ಗಾಜಿನ ಮೇಲೆ ಒಂದು ಹನಿ ಬಳಿದು, ಲೀಶ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಾನೆ. ಪ್ಲೇಟ್‌ಲೆಟ್‌ಗಳು ಸಂತೆಯಲ್ಲಿ ಬೀಗರು ಸಿಕ್ಕವರ ಹಾಗೆ ಗುಂಪು ಕಟ್ಟಿಕೊಂಡು ನಿಂತಿವೆ. ಕೆಲವರ ರಕ್ತಕ್ಕೆ ಇಡಿಟಿಎ ಆಗಿಬರುವುದಿಲ್ಲ. ಗುಂಪನ್ನು ಬಿಡಿಸಿ ಎಣಿಸಲು ಯಂತ್ರಕ್ಕೆ ಬಾರದು. ಸಿಟ್ರೇಟ್ ಕೊಳವೆಯಲ್ಲಿ ಇನ್ನೊಮ್ಮೆ ತೆಗೆಯಬೇಕು. ಅದನ್ನು ಹೇಳಲು ಹೊರಗೆ ಬಂದರೆ ಕಟ್ಟೆ ಖಾಲಿ. ಅರವತ್ತು ಸಾವಿರದ ಸುದ್ದಿ ಅವನಿಗಿಂತ ಮೊದಲೇ ಸನವಳ್ಳಿ ಮುಟ್ಟಿದೆ, ಯಾರದೋ ಹಿತ್ತಲಿನ ಪಪ್ಪಾಯಿ ಗಿಡ ಬೋಳಾಗಿದೆ.

ಸಂಜೆ ಎರಡನೆಯ ಮಾದರಿಯಲ್ಲಿ 1.8 ಲಕ್ಷ. ಅವನು ಗುಂಪಿನ ವಿಷಯ, ಸಿಟ್ರೇಟಿನ ವಿಷಯ ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳುತ್ತಾನೆ. ಹುಡುಗನ ಕಾಕಾ ಪೂರಾ ಕೇಳಿಸಿಕೊಂಡು, ತಲೆಯಾಡಿಸಿ, ಚೀಲದಿಂದ ಹಸಿರು ರಸದ ಬಾಟ್ಲಿ ತೆಗೆದು ಮೇಜಿನ ಮೇಲೆ ಇಡುತ್ತಾನೆ.

“ಉಳದೈತಿ ನೋಡ್ರಿ. ನಿಮ್ಮ ಮಷೀನಿಗೂ ಎರಡು ಚಮಚ ಹಾಕ್ರಿ, ಲೆಕ್ಕ ಸುದ್ದ ಬರತೈತಿ.”