ಕೆಮ್ಮಿಗೆ ಅಂಕ ಹಾಕಲು ಬರುವವರಿಗೆ

ಮಾನ್ಯ ಗುಣಮಟ್ಟ ಪರಿಶೀಲಕರೇ,

ಸರಕಾರಿ ಆಸ್ಪತ್ರೆಗೆ ಅಂಕ ಹಾಕಲು ನಿಮ್ಮಲ್ಲಿ ದಪ್ಪ ಚೆಕ್‌ಲಿಸ್ಟ್ ಉಂಟು. ನೂರಕ್ಕೆ 70 ಬಂದರೆ ರಾಷ್ಟ್ರೀಯ ಪ್ರಮಾಣಪತ್ರವೂ ಉಂಟು. ಪಡುಬಿದ್ರಿ–ಕಾರ್ಕಳ ರಸ್ತೆಯ ನಮ್ಮ ಬೆಳ್ಮಣ್‌ನಂಥ ಪೇಟೆಗಳ ಖಾಸಗಿ ಕ್ಲಿನಿಕ್ಕಿನಲ್ಲಿ ಶೀತ, ಕೆಮ್ಮು, ಗಂಟಲು ನೋವಿಗೆ ಸಿಗುವ ಚಿಕಿತ್ಸೆಯನ್ನು ಅಳೆಯುವವರೇ ಇಲ್ಲವಲ್ಲ ಎಂದು ನೀವು ಕೊರಗುತ್ತಿದ್ದರೆ, ದಯವಿಟ್ಟು ಕೊರಗಬೇಡಿ. ಆ ಕೆಲಸವನ್ನು ನಾವು ರೋಗಿಗಳೇ ಎಂದೋ ಮಾಡಿ ಮುಗಿಸಿದ್ದೇವೆ.

ಸೂಜಿ ಚುಚ್ಚಿದರೆ ಡಾಕ್ಟ್ರು ಪಾಸು. ಮಾತ್ರೆ ಮೂರು ಬಣ್ಣದ್ದಾದರೆ ಫಸ್ಟ್ ಕ್ಲಾಸ್. ಜೊತೆಗೆ ಒಂದು ಬಾಟ್ಲಿ ಸಿರಪ್ಪೂ ಇದ್ದರೆ ರ್‍ಯಾಂಕು. “ಇದು ವೈರಸ್, ತಾನಾಗಿಯೇ ಹೋಗ್ತದೆ, ಬಿಸಿನೀರು ಕುಡೀರಿ” ಎಂದವರು ಫೇಲು. ಬಿಸಿನೀರು ನಮ್ಮ ಮನೆಯಲ್ಲೇ ಇಲ್ಲವಾ ಮಾರಾಯ್ರೇ, ಅದಕ್ಕೆ ಫೀಸು ಯಾಕೆ?

ಎಲ್ಲಕ್ಕಿಂತ ದೊಡ್ಡ ಅಂಕ ಕೈಗುಣಕ್ಕೆ. ಅದನ್ನು ಹಾಕುವ ಕ್ರಮ ಹೀಗೆ. ಕೆಮ್ಮು ಶುರುವಾದ ಮೊದಲ ಮೂರು ದಿನ ಅಜ್ಜಿಯ ಕಾಳುಮೆಣಸಿನ ಕಷಾಯ. ನಾಲ್ಕನೇ ದಿನ ಮೆಡಿಕಲ್ ಅಂಗಡಿ. ಆರನೇ ದಿನ ಪೇಟೆಯ ಕ್ಲಿನಿಕ್ಕು. ಹತ್ತನೇ ದಿನ ಕಾರ್ಕಳ. ಹದಿನೈದಕ್ಕೆ, ಇನ್ನು ತಡೆಯಲಾಗದು ಎಂದು, ಮಣಿಪಾಲ. ಅಲ್ಲಿ ಎಕ್ಸ್‌ರೇ ಆಗಿ, ರಕ್ತ ಪರೀಕ್ಷೆ ಆಗಿ, ಎರಡು ಮೂರು ದಿನದಲ್ಲಿ ಕೆಮ್ಮು ಮಾಯ. ಮತ್ತೆ ಕೇಳಬೇಕೇ? ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲ ಕಡೆ ಆ ಡಾಕ್ಟರ ಕೈಗುಣದ್ದೇ ಮಾತು.

ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಈ ಲೆಕ್ಕಕ್ಕೆ ಕಲ್ಲು ಹಾಕಿದೆ. ಕೆಮ್ಮು ಒಂದು ವಾರ, ಹೆಚ್ಚೆಂದರೆ ಒಂಬತ್ತು ದಿನದಲ್ಲಿ ಹೋಗಬೇಕು ಎಂದು ಜನ ನಂಬಿದ್ದಾರಂತೆ; ನಿಜವಾಗಿ ಅದು ಇರುವುದು ಸರಾಸರಿ ಸುಮಾರು 18 ದಿನ. ಎಂದರೆ ನಾವು ಮಣಿಪಾಲದಿಂದ ಶುರುಮಾಡಿ ಕಾರ್ಕಳ, ಬೆಳ್ಮಣ್ ಎಂದು ಹಿಂದಕ್ಕೆ ಬಂದಿದ್ದರೆ ಅಜ್ಜಿಯ ಕೈಗುಣವೇ ಗೆಲ್ಲುತ್ತಿತ್ತು. ಇಂಥ ಅಧ್ಯಯನವನ್ನೆಲ್ಲ ನಾವು ಓದುವುದಿಲ್ಲ, ಬಿಡಿ.

ಹೀಗೆ ಡಾಕ್ಟ್ರನ್ನು ಬದಲಿಸುವುದರಲ್ಲಿ ಇನ್ನೊಂದು ಚಮತ್ಕಾರ ಉಂಟು. ಎರಡು ವಾರ ಮೀರಿದ ಕೆಮ್ಮಾದರೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಸರಕಾರದ ನಿಯಮ. ಡಾಕ್ಟ್ರು ಬದಲಾದಾಗಲೆಲ್ಲ ನಾವು “ಮೂರು ದಿನ ಆಯ್ತು” ಎಂದೇ ಹೇಳುತ್ತೇವೆ, ಹಿಂದಿನವರ ಚೀಟಿ ತೋರಿಸಿದರೆ ಇವರಿಗೆ ಬೇಸರವಾದೀತು ಎಂದು. ಹಾಗಾಗಿ ನಮ್ಮ ಕೆಮ್ಮಿಗೆ ಎರಡು ವಾರ ತುಂಬುವುದೇ ಇಲ್ಲ.

ನಿಮಗೆ ದಾಖಲೆ ಬೇಕು, ಅಲ್ಲವೇ? ಕ್ಲಿನಿಕ್ಕಿನ ಚೀಟಿ ನಮ್ಮ ಅಂಗಿಯ ಕಿಸೆಯಲ್ಲಿ ಮನೆಗೆ ಬಂದು ಬಟ್ಟೆಯ ಜೊತೆ ಒಗೆದುಹೋಗುತ್ತದೆ. ಮೆಡಿಕಲ್ ಅಂಗಡಿಗೆ ಹೋಗಿ ನೋಡಿ: ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರ್ ಮೂರು ವರ್ಷ ಇಡಬೇಕೆಂಬ ಕಾನೂನು 2014ರ ಮಾರ್ಚ್‌ನಿಂದಲೇ ಇದೆ. ಆದರೆ ಅದರಲ್ಲಿರುವುದು ಕೊಟ್ಟ ಮದ್ದು ಮಾತ್ರ. ಕೊಡಬೇಕಾಗಿಲ್ಲ ಎಂದು ಡಾಕ್ಟ್ರು ಕೊಡದೇ ಬಿಟ್ಟದ್ದಕ್ಕೆ ರಿಜಿಸ್ಟರೇ ಇಲ್ಲ. ಆಂಟಿಬಯೋಟಿಕ್ ಬರೆದರೆ ಕಾರಣವನ್ನೂ ಬರೆಯಿರಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಡಾಕ್ಟರುಗಳಿಗೆ ಪತ್ರ ಬರೆದಿತ್ತು. ಕಾರಣ ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು: “ಒಂದು ಸ್ಟ್ರಾಂಗ್ ಮಾತ್ರೆ ಕೊಡಿ ಡಾಕ್ಟ್ರೇ, ನಾಡಿದ್ದು ಮನೆಯಲ್ಲಿ ಭೂತಕೋಲ ಉಂಟು.”

ನಮ್ಮ ಮೆಚ್ಚಿನ ಸ್ಟ್ರಾಂಗ್ ಮಾತ್ರೆ ಅಜಿತ್ರೋಮೈಸಿನ್ 500. 2019ರ ಲೆಕ್ಕದಲ್ಲಿ ದೇಶದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಖರ್ಚಾದ ಆಂಟಿಬಯೋಟಿಕ್ ಇದೇ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ‘ಕಣ್ಣಿಟ್ಟು ಬಳಸಬೇಕಾದ’ ಗುಂಪಿಗೆ ಸೇರಿಸಿದೆ. ನಾವೂ ಕಣ್ಣಿಟ್ಟಿದ್ದೇವೆ: ಎರಡು ನುಂಗಿ, ಮೂರನೆಯದನ್ನು ಟಿವಿಯ ಪಕ್ಕ ಜೋಪಾನವಾಗಿ ಇಡುತ್ತೇವೆ. ದುಬೈಗೆ ಹೊರಟ ಅಳಿಯನಿಗೆ ಬೇಕಾಗ್ತದೆ. ಅಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲವಂತೆ, ಎಂಥ ಅನ್ಯಾಯ. ವೈರಸ್ ಎಂದರೆ ಏನೆಂದು ನಮಗೆ ಗೊತ್ತಿಲ್ಲ ಎಂದಲ್ಲ. 2018ರಲ್ಲಿ ಕೇರಳದ ನಿಪಾ ವೈರಸ್ಸನ್ನು ಪತ್ತೆಹಚ್ಚಿದ್ದು ನಮ್ಮದೇ ಜಿಲ್ಲೆಯ ಮಣಿಪಾಲದ ಪ್ರಯೋಗಾಲಯ ಎಂದು ನಮಗೆ ಬಹಳ ಹೆಮ್ಮೆ. ನಮ್ಮ ಶೀತವೂ ವೈರಸ್ಸೇ ಎಂದರೆ ಮಾತ್ರ ಸಿಟ್ಟು ಬರುತ್ತದೆ.

ಪೇಟೆಯಲ್ಲಿ ಒಬ್ಬ ಡಾಕ್ಟ್ರಿದ್ದಾರೆ, ಅವರ ಮೇಲೆ ದೂರು ಕೊಡಲೇಬೇಕು. ಹೊರಗೆ ಬೆಂಚು ತುಂಬ ಜನ. ಒಳಗೆ ಇವರು ಕೈಗೂಸಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ, ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತ ಕೂತಿದ್ದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೂ ಆಗುತ್ತಿತ್ತು. ಇಲ್ಲ, ಪೂರ್ತಿ ಒಂದು ನಿಮಿಷ. ಮಗು ಅತ್ತಿತು, ತಾಯಿ ಹಾಲು ಕುಡಿಸಿ ಸಮಾಧಾನ ಮಾಡುವವರೆಗೆ ಕಾದು ಮತ್ತೆ ಒಂದರಿಂದ. ಎರಡು ತಿಂಗಳಿನಿಂದ ವರ್ಷ ತುಂಬುವವರೆಗಿನ ಮಗುವಾದರೆ ನಿಮಿಷಕ್ಕೆ 50, ಅದರ ಮೇಲೆ ಐದು ವರ್ಷದವರೆಗೆ 40. ಉಸಿರು ಅಷ್ಟು ಮುಟ್ಟಿದರೆ ನ್ಯುಮೋನಿಯಾ ಎಂದು ನೋಡಬೇಕಂತೆ. ಮುಟ್ಟಲಿಲ್ಲ. ಪಕ್ಕೆ ಸೆಳೆತವೂ ಇರಲಿಲ್ಲ. “ಆಂಟಿಬಯೋಟಿಕ್ ಬೇಡ. ಹಾಲು ಕುಡಿಯದಿದ್ದರೆ, ಉಸಿರು ಜೋರಾದರೆ ರಾತ್ರಿಯಾದರೂ ಕರಕೊಂಡು ಬಾಮ್ಮ” ಎಂದು ಕಳಿಸಿದರು. ಸೂಜಿ ಇಲ್ಲ, ಸಿರಪ್ಪಿಲ್ಲ. ಬೆಂಚಿನ ಮೇಲಿದ್ದ ನಾವೆಲ್ಲ ಅಲ್ಲೇ ಸೊನ್ನೆ ಹಾಕಿದೆವು.

ನೀವು ಬಂದು ಆಂಟಿಬಯೋಟಿಕ್ ಎಷ್ಟು ಬರೆದರೆಂದು ಮಾತ್ರ ಎಣಿಸಿದರೆ ಇವರಿಗೆ ನೂರಕ್ಕೆ ನೂರು ಬಂದೀತು. ಆದರೆ ಮಗುವಿನ ಕಡೆ ತಿರುಗಿಯೂ ನೋಡದೆ, ನಿಜವಾದ ನ್ಯುಮೋನಿಯಾವನ್ನೂ ಬಿಸಿನೀರಿಗೆ ಕಳಿಸುವವರಿಗೂ ಅಷ್ಟೇ ಬರುತ್ತದೆ. ಆ ಒಂದು ನಿಮಿಷ ನಿಮ್ಮ ಯಾವ ಕಾಲಂನಲ್ಲಿ ಕೂರುತ್ತದೆ ಸ್ವಾಮಿ?

ದಾರಿಯೇ ಇಲ್ಲ ಎಂದಲ್ಲ. 2008–09ರಲ್ಲಿ ಡೆನ್ಮಾರ್ಕ್, ಸ್ಪೇನ್ ಮೊದಲಾದ ಕಡೆ ‘ಹ್ಯಾಪಿ ಆಡಿಟ್’ ಎಂಬುದು ನಡೆಯಿತು. ಸಾಮಾನ್ಯ ಡಾಕ್ಟರುಗಳೇ ಚಳಿಗಾಲದ ಮೂರು ವಾರ, ಉಸಿರಾಟದ ಸೋಂಕಿನ ಪ್ರತಿ ರೋಗಿಗೂ ಒಂದು ಸಾಲಿನಂತೆ, ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡರು: ಲಕ್ಷಣ ಏನು, ಪರೀಕ್ಷೆ ಏನು, ರೋಗ ಯಾವುದು, ಮದ್ದು ಕೊಟ್ಟೆನೇ. ರೋಗಿಯೇ ಆಂಟಿಬಯೋಟಿಕ್ ಕೇಳಿದರೇ ಎಂಬುದನ್ನೂ ಬರೆದುಕೊಂಡರಂತೆ.

ಆ ಹಾಳೆ ತಂದರೆ ನಮ್ಮ ತಕರಾರಿಲ್ಲ. ಆದರೆ ‘ರೋಗಿ ಕೇಳಿದರೇ’ ಎಂಬ ಕಾಲಂ ದಯವಿಟ್ಟು ಹರಿದುಹಾಕಿ ತನ್ನಿ. ಪರೀಕ್ಷೆ ಡಾಕ್ಟರಿಗೆ ತಾನೇ, ನಮ್ಮ ಹೆಸರು ಯಾಕೆ?

ಇತಿ,
ಬೆಂಚಿನ ಮೇಲೆ ಸರದಿಗೆ ಕಾಯುತ್ತಿರುವ
ಬೆಳ್ಮಣ್‌ನ ಒಬ್ಬ ರೋಗಿ