ಟಿನ್ ಫ್ಯಾಕ್ಟರಿ ಮೇಲಿಂದ

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಮೊದಲು ಓಡಿದ್ದು ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ. ಆಫೀಸಿಗಿರಲಿ, ಬರೀ ಮೆಟ್ರೋ ನೋಡಲೆಂದೇ ಜನ ಟಿಕೆಟ್ ಕೊಂಡರು. ಹಲಸೂರಿನ ಮಹಡಿಗಳಲ್ಲಿ ಒಣಹಾಕಿದ ಬಟ್ಟೆಗಳಿಗೂ ಪ್ರೇಕ್ಷಕರು ಹುಟ್ಟಿಕೊಂಡರು.

2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಬಂತು. ಬೈಯಪ್ಪನಹಳ್ಳಿಗೆ ಇನ್ನೂ ಸುಮಾರು ಎರಡು ಕಿಲೋಮೀಟರ್ ಬಾಕಿ, ನಡುವೆ ಟಿನ್ ಫ್ಯಾಕ್ಟರಿ ಜಂಕ್ಷನ್. ತಣ್ಣನೆಯ ಬೋಗಿಯಿಂದ ಇಳಿದವರು ಫೀಡರ್ ಬಸ್ ಹತ್ತಿ, ಯಾವ ಟ್ರಾಫಿಕ್ಕಿನಿಂದ ಪಾರಾಗಲು ಮೆಟ್ರೋ ಹಿಡಿದಿದ್ದರೋ ಅದೇ ಟ್ರಾಫಿಕ್ಕಿನಲ್ಲಿ ಬೆವರುತ್ತಾ ಕೂತರು.

ಅಕ್ಟೋಬರ್ 9ಕ್ಕೆ ಎರಡೂ ತುದಿ ಕೂಡಿದವು. ಈಗ ಆ ಜಾಮನ್ನು ಮೇಲಿಂದ ನೋಡಿ ಮುಗುಳ್ನಗುವ ಸುಖಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಬೆಳಗಿನ ಹೊತ್ತು ಸೀಟು ಸಿಗಲು ಮಾತ್ರ ಪುಣ್ಯ ಮಾಡಿರಬೇಕು.